ಎರಡನೆಯ ಗುಂಡು

ಡೀಮೆನ್, ನೆದರ್‌ಲ್ಯಾಂಡ್ಸ್
7 ಸೆಪ್ಟೆಂಬರ್ 2025, ಭಾನುವಾರ

ಕುಟ್ಟಪ್ಪ ಬಾವನಿಗೆ,

ಮೊದಲು ನನ್ನ ತಂಗಿಗೆ ಒಂದು ಮಾತು. ಅಕ್ಕಮ್ಮಾ, ಇದನ್ನು ನಿನ್ನ ಗಂಡನ ಎಡಗಿವಿಯ ಹತ್ತಿರ ಕೂತು ನಿಧಾನವಾಗಿ ಓದು. ನಡುವೆ ಹಾಲು ಉಕ್ಕುತ್ತದೆಂದು ಎದ್ದು ಓಡಬೇಡ. ಒಲೆ ಆರಿಸಿಯೇ ಬಂದು ಕೂರು.

ಬಾವ, ನಿನಗೆ ಫೋನು ಕೇಳಿಸುವುದಿಲ್ಲ, ನನಗೆ ಫೋನು ಹಿಡಿದರೆ ಮಾತು ಬರುವುದಿಲ್ಲ. ಮೂವತ್ತೊಂದು ವರ್ಷ ಬಸ್ಸಿನ ಹಿಂಬಾಗಿಲಿನಲ್ಲಿ ನಿಂತು, ಸ್ಟೀರಿಂಗ್ ಹಿಡಿದ ನಿನಗೆ ಕೂಗಿ ಹೇಳಿದವನು ನಾನು. ಅಂಗೈಯಷ್ಟು ಪೆಟ್ಟಿಗೆಯೊಳಗೆ ಪಿಸುಗುಟ್ಟಲು ನನ್ನಿಂದಾಗದು. ಹಾಗಾಗಿ ಕಾಗದ. ಪೊನ್ನಂಪೇಟೆಗೆ ತಲುಪಲು ಹದಿನೈದು ದಿನ ಬೇಕಂತೆ. ನಮ್ಮ ಗಾಡಿ ಕೆಟ್ಟು ನಿಂತಾಗಲೂ ಇದಕ್ಕಿಂತ ಬೇಗ ಊರು ಸೇರುತ್ತಿತ್ತು.

ನನ್ನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗುತ್ತಿದೆ. ಡಿಸೆಂಬರ್ ತನಕ ವಿಮಾನ ಹತ್ತಬಾರದು, ದಿನಾ ಬೆಳಿಗ್ಗೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮಗಳು ಸ್ಮೃತಿ ಜೈಡಾಸ್ ಎಂಬ ಬಡಾವಣೆಯ ವಕೀಲರ ಕಚೇರಿಗೆ ಮೆಟ್ರೊ ಹಿಡಿದಳೆಂದರೆ ನಾನು ಟೋಪಿ ಹಾಕಿಕೊಂಡು ಹೊರಡುತ್ತೇನೆ. ಅರ್ಧ ಗಂಟೆ ನಡೆದರೆ ಮನೆಗಳು ಮುಗಿದು ಹುಲ್ಲುಗಾವಲು ಶುರು. ಗದ್ದೆಗೆ ಬದುವಿನ ಬದಲು ಕಾಲುವೆ.

ಮೊನ್ನೆ ಮೂರಕ್ಕೆ ಕೈಲ್‌ಪೊಳ್ದ್ ಹಬ್ಬ ಬಂತು. ಪೂಜೆಗೆ ಇಲ್ಲಿ ಕೋವಿಯಿಲ್ಲ, ಕೋವಿಯ ಬಾಯಿಗೆ ಇಡಲು ತೋಕ್ ಹೂವಿಲ್ಲ. ಸ್ಮೃತಿಯ ತರಕಾರಿ ಚಾಕುವಿಗೆ ಗಂಧ ಹಚ್ಚಿ ಕೈ ಮುಗಿದೆ. ಅದಾದ ಎರಡನೇ ದಿನ ಬೆಳಿಗ್ಗೆ ನಡೆಯುತ್ತಿದ್ದಾಗ, ದೂರದ ಒಂದು ಹೊಲದ ಮನೆಯ ಹಿಂದಿನಿಂದ ಗುಂಡಿನ ಸದ್ದು ಕೇಳಿತು. ಒಂದು. ಒಂದು ಉಸಿರಿನಷ್ಟು ಬಿಡುವು. ಮತ್ತೊಂದು.

ನನ್ನ ಕಾಲು ನನ್ನನ್ನು ಕೇಳಲಿಲ್ಲ ಬಾವ. ಇದು ಯಾವ ದೇಶವೆಂಬುದೂ ನೆನಪಾಗಲಿಲ್ಲ. ದಾರಿ ಸುತ್ತಾಗುತ್ತದೆಂದು ಒಂದು ಕಾಲುವೆಗೇ ಇಳಿದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಆ ಮನೆಯ ಬಾಗಿಲು ತಟ್ಟಿದೆ. ಒಬ್ಬ ಹೆಂಗಸು ತೆರೆದಳು. ನಾನು ಟೋಪಿ ತೆಗೆದು ತಲೆ ಬಾಗಿಸಿ ಸುಮ್ಮನೆ ನಿಂತೆ. ಸಾವಿನ ಮನೆಯಲ್ಲಿ ಏನು ಹೇಳಬೇಕೆಂದು ಇವರ ಭಾಷೆಯಲ್ಲಿ ಗೊತ್ತಿಲ್ಲವಲ್ಲ. ಅವಳೂ ನಿಂತಳು. ಅಷ್ಟರಲ್ಲಿ ಹಿತ್ತಲಿನಿಂದ ಅವಳ ಗಂಡ ಬಂದ. ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಕತ್ತು ಜೋತುಬಿದ್ದ ದೊಡ್ಡ ಹೆಬ್ಬಾತು.

ಬಸ್ಸಿನಲ್ಲಿ ಪ್ರವಾಸಿಗಳಿಂದ ಕಲಿತ ಇಂಗ್ಲಿಷಿನಲ್ಲಿ ಕೇಳಿದೆ, "ಯಾರು ತೀರಿಕೊಂಡರು?"

ಅವನು ಹಕ್ಕಿಯನ್ನು ಎತ್ತಿ ತೋರಿಸಿದ. "ಇವನೇ."

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಎರಡು ಕೇಳಿದವರು ಕೈಯ ಕೆಲಸ ಬಿಟ್ಟು ಆ ಮನೆಗೆ ಓಡಬೇಕು ಎಂದೆಲ್ಲ ವಿವರಿಸಿದೆ. ಗಂಭೀರವಾಗಿ ಕೇಳಿಸಿಕೊಂಡು, "ಹಾಗಾದರೆ ಮೊದಲ ಗುಂಡಿಗೆ ಹಕ್ಕಿ ಬೀಳದಿದ್ದರೆ ನೀವೇನು ಮಾಡ್ತೀರಿ?" ಎಂದ.

"ಬೀಳ್ತದೆ," ಎಂದೆ.

ಅವನ ಹೆಂಡತಿ ಗೊಳ್ಳೆಂದು ನಕ್ಕಳು. ಕಾಫಿ ಕೊಟ್ಟಳು, ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದಳು. ಅವನ ಹೆಸರು ಗೆರಿಟ್, ಅವಳು ರಿಯಾ. ಹೆಬ್ಬಾತುಗಳು ಸಾವಿರಗಟ್ಟಲೆ ಇಳಿದು ಹಸುವಿನ ಹುಲ್ಲನ್ನೆಲ್ಲ ಮೇಯುತ್ತವೆಂದು ಅವನಿಗೆ ಸರ್ಕಾರವೇ ಹೊಡೆಯಲು ಪರವಾನಗಿ ಕೊಟ್ಟಿದೆ. ಮುಂದಿನ ತಿಂಗಳು ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತ್ಯದಲ್ಲಿರುವ ತಮ್ಮನ ಹೊಲಕ್ಕೆ ಬೇಟೆಗೆ ಹೋಗುತ್ತಾನಂತೆ. ನನ್ನನ್ನೂ ಕರೆದಿದ್ದಾನೆ.

ಏಪ್ರಿಲಿನಲ್ಲಿ ಹಾಸಿಗೆ ಹಿಡಿದಾಗ ನೀನು ಹೇಳಿದ್ದು, "ಬಿದ್ದಪ್ಪಾ, ಇನ್ನೊಂದು ಸಲ ಬೇಟೆಗೆ ಹೋಗ್ಬೇಕಿತ್ತು ಕಣೋ." ಬೇಟೆ ನಿಲ್ಲಿಸಿದ ಕಾನೂನು ಬಂದು ಐವತ್ತಮೂರು ವರ್ಷವಾಯಿತು. ಆಮೇಲೆ ನಾವಿಬ್ಬರೂ ಹೊಡೆದದ್ದು ಮರಕ್ಕೆ ಕಟ್ಟಿದ ತೆಂಗಿನಕಾಯಿ ಮಾತ್ರ. ಈಗ ನಾನು ಹೋಗುತ್ತೇನೆ. ಕಂಡದ್ದನ್ನೆಲ್ಲ ಬರೆಯುತ್ತೇನೆ, ಗಾಳಿ ಯಾವ ಕಡೆಯಿಂದ ಬೀಸಿತೆಂಬುದನ್ನೂ. ನಿನ್ನ ಬೇಟೆ ಅದು. ಕೇಳಿ ಮುಗಿಯುವ ತನಕ ಎಲ್ಲಿಗೂ ಹೊರಡುವ ಹಾಗಿಲ್ಲ. ನಾನು ಎರಡು ಸೀಟಿ ಊದದೆ ನೀನು ಯಾವತ್ತೂ ಗಾಡಿ ಎತ್ತಿದವನಲ್ಲ.

ನಮ್ಮಿಬ್ಬರ ಇನ್ನೊಂದು ಮಾತು ನೆನಪಿದೆ. ಯಾರು ಮೊದಲು ಹೋದರೂ ಅವನ ಎರಡು ಗುಂಡನ್ನು ಇನ್ನೊಬ್ಬನೇ ಹೊಡೆಯಬೇಕು. ಡಿಸೆಂಬರಿನಲ್ಲಿ ಬರುತ್ತೇನೆ. ಆ ಮಾತಿಗೆ ಈಗ ಅವಸರವಿಲ್ಲ.

ನಿನ್ನ
ಬಿದ್ದಪ್ಪ


ಪೊನ್ನಂಪೇಟೆ
23 ಸೆಪ್ಟೆಂಬರ್ 2025

ಅಣ್ಣನಿಗೆ ಅಕ್ಕಮ್ಮನ ನಮಸ್ಕಾರ.

ನಿಮ್ಮ ಕಾಗದ ನಿನ್ನೆ ಬಂತು. ಒಲೆ ಆರಿಸಿಯೇ ಕೂತೆ. ಎರಡು ಸಲ ಓದಿದೆ. ನೀವು ಕಾಲುವೆಗೆ ಇಳಿದದ್ದನ್ನು ಕೇಳಿ ಅವರು ನಕ್ಕರು. ಹೆಣವಿಲ್ಲದ ಮನೆಗೆ ಹೋಗಿ ಟೋಪಿ ತೆಗೆದು ನಿಂತವರು ಲೋಕದಲ್ಲಿ ನೀವೊಬ್ಬರೇ ಇರಬೇಕು. ಕೆಸರಾದ ಪ್ಯಾಂಟು ಯಾರು ಒಗೆದರು? ಸ್ಮೃತಿ ಮಗುವಿನ ಕೈಯಲ್ಲಿ ಒಗೆಸಬೇಡಿ. ಅವಳು ಕೋರ್ಟು ಕಚೇರಿ ಎಂದು ದಣಿದು ಬರುತ್ತಾಳೆ.

ಅವರ ಹಾಸಿಗೆಯನ್ನು ಒಳಕೋಣೆಯಿಂದ ಹಾಲಿಗೆ ತಂದಿದ್ದೇವೆ, ಗಾಳಿ ಬೆಳಕು ಬರಲಿ ಎಂದು. ಊಟ ಪರವಾಗಿಲ್ಲ. ಗಂಜಿ ಸೇರುತ್ತದೆ.

ಬೇಟೆಯ ವಿಷಯ ಓದಿದಾಗ ಒಂದು ಮಾತು ಕೇಳಿದರು. "ಹಕ್ಕಿ ಜೋಡಿಯಾ?" ನೋಡಿ ಬರೆಯಬೇಕಂತೆ.

ಕಾಲಿನ ಮಾತ್ರೆ ತಪ್ಪಿಸಬೇಡಿ. ಇಲ್ಲಿಯ ಚಿಂತೆ ಬೇಡ.

ನಿಮ್ಮ ತಂಗಿ
ಅಕ್ಕಮ್ಮ


ಡೀಮೆನ್
7 ಅಕ್ಟೋಬರ್ 2025, ಮಂಗಳವಾರ

ಬಾವ,

ಹಾಲಿಗೆ ಬಂದೆಯಂತೆ. ಬಹಳ ಸಂತೋಷವಾಯಿತು. ಹಾಲಿಗೆ ಬಂದವನು ಜಗಲಿಗೆ ಬರಲು ಎಷ್ಟು ಹೊತ್ತು? ನಾನು ಬರುವಷ್ಟರಲ್ಲಿ ನೀನು ಗೇಟಿನ ಹತ್ತಿರ ನಿಂತು, "ಲೇಟಾಯ್ತಲ್ಲೋ ಕಂಡಕ್ಟರೇ," ಎಂದು ಬೈಯಬೇಕು.

ಬೇಟೆ ಹದಿನೆಂಟಕ್ಕೆ, ಶನಿವಾರ. ಆದರೆ ನಾನು ಕೋವಿ ಮುಟ್ಟುವ ಹಾಗಿಲ್ಲ. ಇಲ್ಲಿ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವನ ಕೈಯಲ್ಲಿ ಮಾತ್ರ ಕೋವಿ. ಗೆರಿಟ್ ತನ್ನದನ್ನು ಉಕ್ಕಿನ ಬೀರುವಿನಲ್ಲಿಟ್ಟಿದ್ದಾನೆ, ಗುಂಡಿನ ತೋಟೆಗಳನ್ನು ಬೇರೆ ಪೆಟ್ಟಿಗೆಯಲ್ಲಿ. ಬೀಗದ ಕೈ ಎಲ್ಲಿದೆಯೆಂದು ಅವನ ಹೆಂಡತಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವ್ವ ಕೋವಿಯ ತುದಿಗೆ ಒದ್ದೆ ಟವಲು ನೇತುಹಾಕುತ್ತಿದ್ದಳೆಂದು ಹೇಳಿದೆ. ಅವನು ಎದ್ದು ಹೋಗಿ ಬೀರುವಿನ ಬೀಗ ಎಳೆದು ನೋಡಿ ಬಂದ.

ಅವನೇನೋ ಕೂರಲು ಜಾಗ ಕೊಡುತ್ತಾನೆ. ಕೋವಿ ಇಲ್ಲದೆ ಬೇಟೆಯಲ್ಲಿ ನನಗೇನು ಕೆಲಸ ಎಂದು ಮೊದಲು ಬೇಸರವಾಯಿತು. ಆಮೇಲೆ ಕೂಗುವ ಕೆಲಸ ಕೇಳಿಕೊಂಡೆ. ನೀನು ಕಾಡುಕೋಳಿಯನ್ನು ಕೂಗಿ ಕರೆಯುತ್ತಿದ್ದೆಯಲ್ಲ, ಹಾಗೆ ಇಲ್ಲಿ ಹೆಬ್ಬಾತನ್ನು ಕರೆಯಬೇಕು. ಅವರು ಅದಕ್ಕೊಂದು ಪೀಪಿ ಇಟ್ಟುಕೊಂಡಿದ್ದಾರೆ. ನಾನು ನಿನ್ನಂತೆ ಎರಡು ಅಂಗೈ ಜೋಡಿಸಿ ಕೂಗಿ ತೋರಿಸಿದೆ. ಕಾಲುವೆಯಾಚೆ ಮೇಯುತ್ತಿದ್ದ ನಾಲ್ಕು ಹಕ್ಕಿಗಳು ಕತ್ತೆತ್ತಿದವು. ಗೆರಿಟ್ ಪೀಪಿಯನ್ನು ಜೇಬಿಗೆ ಹಾಕಿಕೊಂಡ.

ದಿನಾ ಬಾಲ್ಕನಿಯಲ್ಲಿ ಅಭ್ಯಾಸ ನಡೆದಿದೆ. ಕೆಳಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದರು: ಮೇಲೆ ಯಾರಿಗಾದರೂ ಹುಷಾರಿಲ್ಲವೇ, ಸಹಾಯ ಬೇಕೇ? ಸ್ಮೃತಿ ಹೋಗಿ ಕ್ಷಮೆ ಕೇಳಿ ಬಂದಳು.

ಇಂದು ಬೆಳಿಗ್ಗೆ ಯಾಕೋ ನಿನ್ನ ಕೂಗು ಸರಿಯಾಗಿ ನನ್ನ ಗಂಟಲಿಗೆ ಬಂತು. ಅದೇ ಹಳೆಯ ಕೂಗು, ಕೊನೆಯಲ್ಲಿ ಸ್ವಲ್ಪ ಒಡೆಯುವಂಥದ್ದು. ಅದಕ್ಕೇ ಕೂತು ಬರೆದೆ.

ಬಿದ್ದಪ್ಪ


ಪೊನ್ನಂಪೇಟೆ
9 ಅಕ್ಟೋಬರ್ 2025

ಮಗಳೇ ಸ್ಮೃತಿ,

ಇದನ್ನು ಪಕ್ಕದ ಮನೆಯ ಹರಿಪ್ರಸಾದನ ಫೋನಿನಲ್ಲಿ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ. ಅಪ್ಪನಿಗೆ ತೋರಿಸಬೇಡ.

ನಿನ್ನ ಮಾವ ಮಂಗಳವಾರ ಬೆಳಿಗ್ಗೆ ಹೋದರು. ಮೊನ್ನೆ ಫೋನಿನಲ್ಲಿ ಅಷ್ಟು ಹೇಳಿ, ಅಪ್ಪನಿಗೆ ಈಗಲೇ ತಿಳಿಸಬೇಡವೆಂದು ಇಟ್ಟುಬಿಟ್ಟೆ, ಉಳಿದದ್ದು ಹೇಳಲಾಗಲಿಲ್ಲ. ಗಂಜಿ ಸೇರುತ್ತದೆ ಎಂದು ಅಣ್ಣನಿಗೆ ಬರೆದದ್ದು ಸುಳ್ಳು. ಆಗಲೇ ನೀರನ್ನೂ ಚಮಚದಲ್ಲಿ ಹನಿ ಹನಿಯಾಗಿ ಕೊಡುತ್ತಿದ್ದೆ. ಬಂದು ನೋಡುವವರಿಗೆ ಅನುಕೂಲವಾಗಲೆಂದು ಹಾಲಿಗೆ ತಂದದ್ದು.

ಅಣ್ಣನಿಗೆ ತಿಳಿದರೆ ಡಾಕ್ಟರ ಮಾತು ಕೇಳದೆ ವಿಮಾನ ಹತ್ತುತ್ತಾರೆ. ಹೋದವರ ಜೊತೆ ಇನ್ನೊಬ್ಬರನ್ನೂ ಕಳುಹಿಸುವ ಶಕ್ತಿ ನನಗಿಲ್ಲ. ಮತ್ತೆ, ಹೋಗುವ ನಾಲ್ಕು ದಿನ ಮುಂಚೆ ಇವರು ನನ್ನ ಕೈ ಹಿಡಿದು ಎರಡೇ ಮಾತು ಹೇಳಿದರು. "ಬೇಟೆ ಮುಗೀಲಿ." ನನಗೆ ಅರ್ಥವಾಯಿತು. ಬೇಟೆ ಹದಿನೆಂಟಕ್ಕೆಂದು ನೀನು ಹೇಳಿದ್ದೆಯಲ್ಲ, ಅಲ್ಲಿಯ ತನಕ ಸುಮ್ಮನಿರು. ಆಮೇಲೆ ನಿಧಾನವಾಗಿ ಹೇಳು.

ಇನ್ನೊಂದು ವಿಷಯ. ಗುಂಡು ಹೊಡೆಯಬೇಕಾದವರು ಅಣ್ಣ. ಅವರಿಲ್ಲವೆಂದು ನಮ್ಮ ದಾಯಾದಿ ಹುಡುಗನೊಬ್ಬ ಹೊಡೆದ. ಮೊದಲನೆಯದು ಹಾರಿತು. ಎರಡನೆಯ ತೋಟೆ ಹಳತು, ಸಿಡಿಯಲಿಲ್ಲ. ಒಳಗೆ ಹೋಗಿ ಬೇರೆ ಹುಡುಕಿ ತಂದು ಹೊಡೆಯುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಒಂದೇ ಗುಂಡು ಕೇಳಿದ ಕೆಳಗಿನ ಕೇರಿಯ ಗಿರಿಜಮ್ಮ, ನಮ್ಮಲ್ಲಿ ಯಾರಿಗೋ ಗಂಡು ಮಗುವಾಯಿತೆಂದು ನಗುನಗುತ್ತಾ ಗೇಟಿನ ತನಕ ಬಂದುಬಿಟ್ಟಳು. ಕೈಯಲ್ಲಿ ಒಂದು ಪೊಟ್ಟಣ ಕಲ್ಲುಸಕ್ಕರೆ ಇತ್ತು. ಅವಳ ಮುಖ ನನಗೆ ಮರೆಯುವುದಿಲ್ಲ. ಇದನ್ನು ಅಣ್ಣನಿಗೆ ಯಾವತ್ತೂ ಹೇಳಬೇಡ.

ಇಪ್ಪತ್ತಕ್ಕೆ ಮಾದ ಇಟ್ಟಿದ್ದೇವೆ. ಆ ಕರ್ಮ ಮುಗಿಯುವ ತನಕ ನೀನೂ ಮಾಂಸ ಬಿಡು.

ನಿನ್ನ ಅತ್ತೆ


ಡೀಮೆನ್
9 ಅಕ್ಟೋಬರ್ 2025

ಅತ್ತೆ,

ಫೋಟೋ ಬಂತು. ಟ್ರಾಮ್ ಸ್ಟಾಪಲ್ಲಿ ನಿಂತು ಓದಿದೆ. ಎರಡು ಟ್ರಾಮ್ ಬಿಟ್ಟೆ.

"ಲಾಯರ್ ಆದ್ಮೇಲೆ ನಿನಗೆ ಸುಳ್ಳು ಹೇಳೋಕೆ ಸಂಬಳ ಕೊಡ್ತಾರೆ," ಅಂತ ಮಾವ ರೇಗಿಸ್ತಿದ್ರು. ಈಗ ಸಂಬಳ ಇಲ್ಲದೆ ಹೇಳ್ಬೇಕು. ಮನೆಗೆ ಬಂದ್ರೆ ಅಪ್ಪ ಬಾಲ್ಕನಿಯಲ್ಲಿ ಕೈ ಜೋಡಿಸಿ ಕೂಗ್ತಾ ಇದ್ರು. "ನಿನ್ನ ಮಾವನ ಹಾಗೆ ಬಂತಾ?" ಅಂತ ಕೇಳಿದ್ರು. ಬಂತು ಅಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಕೂತ್ಕೊಂಡೆ.

ಇದು ಸರಿ ಅಂತ ನನಗೆ ಅನಿಸ್ತಿಲ್ಲ ಅತ್ತೆ. ಆದ್ರೆ ಮಾವ ಹೇಳಿದ್ದು ಅಂದ್ಮೇಲೆ ಹದಿನೆಂಟರವರೆಗೆ ಇರ್ತೀನಿ. ಅದಕ್ಕಿಂತ ಒಂದು ದಿನ ಜಾಸ್ತಿ ನನ್ನ ಕೈಲಾಗಲ್ಲ.

ಸ್ಮೃತಿ


ಡೀಮೆನ್
19 ಅಕ್ಟೋಬರ್ 2025, ಭಾನುವಾರ

ಬಾವ,

ಬೆನ್ನಿಗೆ ದಿಂಬು ಕೊಟ್ಟು ಸರಿಯಾಗಿ ಕೂತುಕೋ. ನಿನ್ನ ಬೇಟೆ ಆಯಿತು.

ನಿನ್ನೆ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಗೆರಿಟ್ ಕಾರು ತಂದ. ದಾರಿಯಲ್ಲಿ ಸಮುದ್ರಕ್ಕೆ ಕಟ್ಟಿದ ಒಂದು ಏರಿ ಇದೆ. ಮೂವತ್ತು ಕಿಲೋಮೀಟರು, ಒಂದು ತಿರುವಿಲ್ಲ, ಒಂದು ಗುಂಡಿಯಿಲ್ಲ, ಬಲಕ್ಕೂ ಎಡಕ್ಕೂ ನೀರು. ನೀನಾಗಿದ್ದರೆ ಟಾಪ್ ಗೇರಿಗೆ ಹಾಕಿ ನಿದ್ದೆ ಹೊಡೆಯುತ್ತಿದ್ದೆ. ಏರಿ ದಾಟಿದರೆ ಬೇರೆ ಪ್ರಾಂತ್ಯ. ಮಾತು ಬೇರೆ, ಬೇಟೆಯ ಕಾನೂನೂ ಬೇರೆಯಂತೆ. ಮಾಕುಟ್ಟ ದಾಟಿ ಕೇರಳಕ್ಕೆ ಇಳಿದ ಹಾಗೆ ಎಂದುಕೊಂಡೆ. ಆದರೆ ಇಳಿಯಲು ಘಾಟಿಯೇ ಇಲ್ಲ.

ಗಾಳಿ ಪಡುವಣದಿಂದ, ಮುಖಕ್ಕೆ ಹೊಡೆಯುತ್ತಿತ್ತು. ಕಾಲುವೆಯ ಅಂಚಿನಲ್ಲಿ ಬಲೆ ಕಟ್ಟಿ, ಹುಲ್ಲು ಸಿಕ್ಕಿಸಿ, ನಾವಿಬ್ಬರು ಅದರ ಹಿಂದೆ ಕೂತೆವು. ಮುಂದೆ ಹುಲ್ಲಿನ ಮೇಲೆ ಇಪ್ಪತ್ತು ಪ್ಲಾಸ್ಟಿಕ್ ಹೆಬ್ಬಾತು, ಎಲ್ಲವೂ ಗಾಳಿಗೆ ಮುಖ ಮಾಡಿ. ಮೇಲಿನವು ನೋಡಿ ತಮ್ಮವರೇ ಎಂದು ಇಳಿಯಬೇಕು. ಬಹಳ ಹೊತ್ತು ಏನೂ ಇಲ್ಲ. ಬೂಟಿನೊಳಗೆ ಬೆರಳು ಮರಗಟ್ಟಿತು. ಕಾಯುವುದನ್ನು ಮರೆತೇಬಿಟ್ಟಿದ್ದೆ ಬಾವ. ಕಾಯುವಾಗ ಪಕ್ಕದವನ ಉಸಿರು ಕೇಳುತ್ತದಲ್ಲ. ಒಂದೆರಡು ಸಲ ನೀನೇ ಎಂದುಕೊಂಡೆ.

ಕೊನೆಗೆ ದೂರದಲ್ಲಿ ಎರಡು ಕಂಡವು. ನೀನು ಕೇಳಿದ್ದೆ, ಜೋಡಿಯಾ ಎಂದು. ಹೌದು. ಗೆರಿಟ್ ಕಿವಿಯಲ್ಲಿ ಹೇಳಿದ, ಇವು ಒಮ್ಮೆ ಜೊತೆಯಾದರೆ ಸಾಯುವ ತನಕ ಬಿಡುವುದಿಲ್ಲ ಎಂದು. ನಾನು ಕೈ ಜೋಡಿಸಿ ಕೂಗಿದೆ. ಎರಡೂ ತಿರುಗಿದವು. ಇನ್ನೊಮ್ಮೆ ಕೂಗಿದೆ, ಕೊನೆಯಲ್ಲಿ ಒಡೆಯುವಂತೆ. ರೆಕ್ಕೆ ಬಗ್ಗಿಸಿ, ಕಾಲು ಚಾಚಿ, ನೇರ ನಮ್ಮ ಮೇಲೆ ಇಳಿದವು. ಗೆರಿಟ್ ಎದ್ದು ಹೊಡೆದ. ಮುಂದಿನದು ಕಲ್ಲಿನಂತೆ ಬಿತ್ತು.

ಇನ್ನೊಂದು ಹೋಗಲಿಲ್ಲ. ಹೋಗಿದ್ದರೆ ನನ್ನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಮೇಲಕ್ಕೇರಿ, ಒಂದು ಸುತ್ತು ಹಾಕಿ, ಬಿದ್ದದ್ದರ ಮೇಲೆಯೇ ಕೂಗುತ್ತಾ ಬಂತು. ನಾನು ಕೂಗಿ ಕರೆದ ಅದೇ ಕೂಗು. ಗೆರಿಟ್ ಕೋವಿಯನ್ನು ಅದರ ಕಡೆಗೆ ತಿರುಗಿಸಿದ. ಎರಡನೆಯ ನಳಿಗೆಯಲ್ಲಿ ತೋಟೆ ಇತ್ತು.

ನಾನು ಕೋವಿಯ ನಳಿಗೆಗೆ ಕೈ ಹಾಕಿ ಕೆಳಕ್ಕೆ ಒತ್ತಿಬಿಟ್ಟೆ.

ಯಾಕೆಂದು ನಿನಗೆ ಹೇಳಬೇಕಿಲ್ಲ. ನೀನು ಅಲ್ಲಿ ಮಲಗಿರುವಾಗ, ನನ್ನ ಕಿವಿಯ ಪಕ್ಕದಲ್ಲಿ, ಒಂದರ ಹಿಂದೆ ಒಂದು ಎರಡು ಗುಂಡು ಹಾರಲು ನಾನು ಬಿಡುತ್ತೇನೆಯೇ? ಮೊದಲನೆಯದು ಆಗಲೇ ಹಾರಿತ್ತು. ಒಂದು ಉಸಿರಿನಷ್ಟೇ ಬಿಡುವು ಉಳಿದಿತ್ತು.

ಗೆರಿಟ್ ಕೂಗಾಡಲಿಲ್ಲ. ಕೋವಿಯ ನಳಿಗೆ ಮಡಚಿ ತೋಟೆ ತೆಗೆದು ಜೇಬಿಗೆ ಹಾಕಿದ. ಅವನ ಮುಖ ಸುಣ್ಣದಂತಾಗಿತ್ತು. "ಇನ್ನೊಬ್ಬನ ಕೈಯಲ್ಲಿರೋ ಕೋವೀನ ಮುಟ್ಟಬಾರದು. ಅದು ಸಿಡಿದಿದ್ರೆ? ಕಾರಿನಲ್ಲಿ ಕೂತಿರು," ಎಂದ. ಅವನು ಹೇಳಿದ್ದು ನಿಜ. ಬೇಟೆಗೆ ಕರೆದೊಯ್ದ ಮೊದಲ ದಿನ ನಿನ್ನ ಅಪ್ಪ ನಮಗೆ ಕಲಿಸಿದ ಪಾಠವೂ ಅದೇ. ಎಪ್ಪತ್ತಾರನೇ ವಯಸ್ಸಿನಲ್ಲಿ, ಪರದೇಶದ ಮೊದಲ ಬೇಟೆಯಲ್ಲಿ, ಅರ್ಧ ದಿನ ಕಾರಿನಲ್ಲಿ ಕೂತೆ. ಆ ಒಂಟಿ ಹಕ್ಕಿ ಮಧ್ಯಾಹ್ನದ ತನಕ ಆ ಹೊಲವನ್ನು ಸುತ್ತುತ್ತಿತ್ತು. ಗಾಜಿನೊಳಗಿನಿಂದ ಅದರ ಸದ್ದು ಕೇಳಲಿಲ್ಲ, ಬಾಯಿ ತೆರೆಯುವುದು ಮಾತ್ರ ಕಾಣುತ್ತಿತ್ತು.

ಸಂಜೆ ಅವನೇ ಮನೆಯ ತನಕ ತಂದು ಬಿಟ್ಟ. ಇಳಿಸುವಾಗ ಬಿದ್ದ ಹಕ್ಕಿಯನ್ನು ಚೀಲದಲ್ಲಿ ಹಾಕಿ ಕೊಟ್ಟ. "ನಿನ್ನ ಪಾಲು." ಅಷ್ಟೇ.

ಇಂದು ಹುಳಿಗೆ ಕಾಚಂಪುಳಿ ಹಾಕಿ, ಮೆಣಸು ಹುರಿದು ನಾನೇ ಸಾರು ಮಾಡಿದೆ. ನಿನ್ನ ಲೆಕ್ಕಕ್ಕೂ ಸೇರಿಸಿ ಎರಡು ಸಲ ಬಡಿಸಿಕೊಂಡೆ. ಸ್ಮೃತಿ ಮುಟ್ಟಲಿಲ್ಲ. ಮೊಸರನ್ನ ಕಲಸಿಕೊಂಡು ತಟ್ಟೆ ನೋಡುತ್ತಾ ಕೂತಳು. ಹಕ್ಕಿಯ ಕತ್ತು ನೋಡಿ ಅಸಹ್ಯವಾಯಿತೇನೋ. ನಮ್ಮ ಮಕ್ಕಳೂ ಪಟ್ಟಣದವರಾದರು ಬಾವ.

ಎರಡನೆಯ ಗುಂಡು ಹಾರಲಿಲ್ಲ. ನೀನು ನಿಶ್ಚಿಂತೆಯಿಂದಿರು.

ಬಿದ್ದಪ್ಪ


ಡೀಮೆನ್
22 ಅಕ್ಟೋಬರ್ 2025

ಅತ್ತೆ,

ಹೇಳಿದೆ.

ಭಾನುವಾರ ಅಪ್ಪ ಕಾಗದ ಅಂಟಿಸಿ ಪೋಸ್ಟ್ ಮಾಡು ಅಂತ ಕೊಟ್ರು. ಎರಡು ದಿನ ಬ್ಯಾಗಲ್ಲೇ ಇತ್ತು. ದಿನಾ ಆ ಕಿತ್ತಳೆ ಬಣ್ಣದ ಪೋಸ್ಟ್ ಡಬ್ಬದ ಮುಂದೆ ಹೋಗ್ತಿದ್ದೆ, ಹಾಕೋಕೆ ಆಗ್ತಿರಲಿಲ್ಲ. ನಿನ್ನೆ ಸಂಜೆ ಕಾಗದ ಟೇಬಲ್ ಮೇಲಿಟ್ಟು, "ಅಪ್ಪ, ಇದನ್ನ ಓದಿಸಿಕೊಳ್ಳೋಕೆ ಮಾವ ಇಲ್ಲ," ಅಂದೆ.

ಅಪ್ಪ ಅಳಲಿಲ್ಲ. "ಯಾವತ್ತು?" ಅಂದ್ರು. ಏಳು ಅಂದೆ. ಕೈಬೆರಳಲ್ಲಿ ದಿನ ಎಣಿಸಿದ್ರು. ಆಮೇಲೆ, "ಗುಂಡು ಯಾರು ಹೊಡೆದ್ರು? ಎರಡೂ ಸರಿಯಾಗಿ ಹಾರಿತಾ?" ಅಂತ ಕೇಳಿದ್ರು. ನೀವು ಹೇಳ್ಬೇಡ ಅಂದಿದ್ರಿ ಅತ್ತೆ. ಲೋಟ ಎತ್ತಿಡೋಕೆ ಎದ್ದೆ. ನನ್ನ ಮುಖ ನೋಡಿ ಅವರಿಗೆ ಗೊತ್ತಾಯ್ತು. ಎಲ್ಲಾ ಹೇಳಿದೆ, ಕಲ್ಲುಸಕ್ಕರೆ ಕೂಡ.

ಅದಾದ್ಮೇಲೆ ಒಂದೇ ಮಾತು ಆಡಿದ್ರು. "ಸೂತಕದಲ್ಲಿ ನನಗೆ ಮಾಂಸ ತಿನ್ನೋಕೆ ಬಿಟ್ರಲ್ಲ." ಫ್ರಿಜ್ಜಲ್ಲಿದ್ದ ಪಾತ್ರೆ ತೆಗೆದು ಖಾಲಿ ಮಾಡಿ, ಉಜ್ಜಿ ಉಜ್ಜಿ ತೊಳೆದ್ರು. ಇವತ್ತು ವಾಕಿಂಗ್ ಹೋಗಲಿಲ್ಲ. ನನ್ನ ಜೊತೆ ಮಾತಿಲ್ಲ.

ಸ್ಮೃತಿ


ಪೊನ್ನಂಪೇಟೆ
26 ಅಕ್ಟೋಬರ್ 2025

ಅಣ್ಣಾ,

ಬೈದಾದರೂ ಬರೆಯಿರಿ. ಮಗುವಿನ ಮೇಲೆ ಕೋಪ ಬೇಡ, ಅವಳು ನನ್ನ ಮಾತಿಗೆ ಕಟ್ಟುಬಿದ್ದಳು.

ನೀವು ಮಾಡಿದ ಸಾರಿನ ವಿಷಯ ಸ್ಮೃತಿ ಹೇಳಿದಳು. ಆ ಯೋಚನೆ ನನಗೆ ಹೊಳೆಯಲೇ ಇಲ್ಲ. ನಿಮ್ಮ ಜೀವ ಉಳಿಸುವ ಆತುರದಲ್ಲಿ ನಿಮ್ಮ ಕೈಯಲ್ಲಿ ತಪ್ಪು ಮಾಡಿಸಿದೆ. ಆ ದೋಷ ನನ್ನದು, ನಿಮ್ಮದಲ್ಲ.

ಒಂದು ನಿಜ ಹೇಳಿಬಿಡುತ್ತೇನೆ. ನಿಮ್ಮ ಮೊದಲ ಕಾಗದ ಓದಿದಾಗ ಅವರು ನಕ್ಕರೆಂದು ಬರೆದಿದ್ದೆ. ನಗಲಿಲ್ಲ ಅಣ್ಣಾ, ಆಗ ಮುಖದಲ್ಲಿ ಅಷ್ಟು ಬಲವಿರಲಿಲ್ಲ. ನಕ್ಕದ್ದು ನಾನು. ಆದರೆ "ಹಕ್ಕಿ ಜೋಡಿಯಾ" ಎಂದು ಕೇಳಿದ್ದು ಅವರೇ. ಅದು ನಾನು ಹೊಸೆದದ್ದಲ್ಲ.

ಅವರ ಕೋವಿಯನ್ನು ಒರೆಸಿ ಗೋಡೆಗೆ ಹಾಕಿದ್ದೇನೆ. ಕೆಟ್ಟ ತೋಟೆಯನ್ನು ಯಾರೂ ಎಸೆದಿಲ್ಲ. ಏನು ಮಾಡಬೇಕೆಂದು ನೀವೇ ಬಂದು ಹೇಳಬೇಕು.

ಅಕ್ಕಮ್ಮ


ಡೀಮೆನ್
16 ನವೆಂಬರ್ 2025, ಭಾನುವಾರ

ಅಕ್ಕಮ್ಮಾ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಬರೆಯದೆ ಕೂತದ್ದು ಕೋಪದಿಂದಲೇ. ಸುಳ್ಳು ಹೇಳಿದರೆ ನಿನಗೆ ಗೊತ್ತಾಗುತ್ತದೆ. ಕೋಪ ಯಾರ ಮೇಲೆಂದು ಹುಡುಕುತ್ತಾ ಹೋದೆ. ನಿನ್ನ ಮೇಲೆ ಸ್ವಲ್ಪ, ಕಾಲಿನ ಮೇಲೆ ಸ್ವಲ್ಪ, ಆ ಹಳೆಯ ತೋಟೆಯ ಮೇಲೆ ಬಹಳ. ಏಪ್ರಿಲಿನಲ್ಲಿ ಪೆಟ್ಟಿಗೆ ತೆಗೆದು ನೋಡಿ, ಹೊಸತು ತಂದಿಡಬೇಕೆಂದುಕೊಂಡವನು ನಾನೇ. ಆಮೇಲೆ ನೋಡೋಣವೆಂದು ಮುಚ್ಚಿದೆ. ಬಾವ ಎಲ್ಲಿಗೆ ಹೋಗುತ್ತಾನೆ ಎಂದುಕೊಂಡೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಸತ್ತು ಹನ್ನೊಂದು ದಿನವಾದವನನ್ನು ಉಳಿಸುತ್ತೇನೆಂದು ನಾನು ಒಬ್ಬ ಒಳ್ಳೆಯ ಮನುಷ್ಯನ ಕೋವಿಗೆ ಕೈ ಹಾಕಿದೆ. ಕಾಲು ಗಂಟೆಯ ಬಿಡುವು ನಿಮ್ಮಲ್ಲಿ, ಇಲ್ಲಿ ಎರಡನೆಯದು ಹಾರದಂತೆ ತಡೆದವನು ನಾನು. ಬಾವನಿಗೆ ಸರಿಯಾಗಿ ಎರಡು ಗುಂಡು ಯಾರೂ ಕೊಡಲಿಲ್ಲವಲ್ಲ ಅಕ್ಕಮ್ಮಾ.

ಸ್ಮೃತಿ ನನಗೆ ತಿಳಿಯದಂತೆ ಗೆರಿಟ್‌ನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಂದಿದ್ದಾಳೆ. ಬುಧವಾರ ಅವನೇ ಇಲ್ಲಿಗೆ ಬಂದ. ಅಡುಗೆಮನೆಯ ಮೇಜಿನ ಹತ್ತಿರ ಟೋಪಿ ತೆಗೆದು ಕೂತ. ಕಾಫಿ ಮುಟ್ಟಲಿಲ್ಲ.

"ಎರಡರ ನಡುವೆ ಎಷ್ಟು ಬಿಡುವಿರಬೇಕು?" ಎಂದು ಕೇಳಿದ.

"ಒಂದು ಉಸಿರು," ಎಂದೆ.

"ನನ್ನ ಉಸಿರೋ, ನಿನ್ನ ಉಸಿರೋ?"

ನಾನು ಮೇಜಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ ತೋರಿಸಿದೆ. ಅವನೂ ತಟ್ಟಿದ. ಬೇಗವಾಯಿತೆಂದೆ. ಮತ್ತೆ ತಟ್ಟಿದ. ಸರಿಹೋಗುವ ತನಕ ಆ ದೊಡ್ಡ ಕೆಂಪು ಕೈಯಲ್ಲಿ ತಟ್ಟುತ್ತಲೇ ಇದ್ದ. ಸ್ಮೃತಿ ಬಾಗಿಲಲ್ಲಿ ನಿಂತು ಸೆರಗಿಲ್ಲದ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು. ಅಂದು ರಾತ್ರಿಯ ಊಟಕ್ಕೆ ಅವಳನ್ನು ಹೆಸರು ಹಿಡಿದು ಕರೆದೆ.

ನಿನ್ನೆ, ಶನಿವಾರ, ಅವನ ಹೊಲಕ್ಕೆ ಹೋದೆ. ನಾನು ಮೊದಲು ಕಾಲುವೆಗೆ ಇಳಿದಿದ್ದ ಅದೇ ಜಾಗ. ಈ ಸಲ ಸೇತುವೆಯ ಮೇಲೆಯೇ ನಡೆದೆ. ಸಾವಿನ ಮನೆಗೆ ತೊಡುವ ಬಿಳಿಯ ಕುಪ್ಯ ಇಲ್ಲಿಲ್ಲ, ಸ್ಮೃತಿ ತನ್ನ ಬಿಳಿಯ ಶಾಲನ್ನು ಹೊದಿಸಿದಳು. ಹುಲ್ಲಿನ ತುಂಬ ಹೆಬ್ಬಾತುಗಳು ಮೇಯುತ್ತಿದ್ದವು. ಗೆರಿಟ್ ಎರಡು ತೋಟೆ ತುಂಬಿದ. ಎರಡೂ ಹೊಸತು, ನನ್ನ ಕಣ್ಣ ಮುಂದೆಯೇ ಪೊಟ್ಟಣ ಒಡೆದ. ಕೋವಿ ನನಗೆ ಕೊಡುವ ಹಾಗಿಲ್ಲ, ಅದು ಅವನ ಕಾನೂನು. ನಾನೂ ಕೇಳಲಿಲ್ಲ. ಭುಜಕ್ಕೇರಿಸಿಕೊಂಡು, ತಿರುಗಿ ನೋಡದೆ ಹೇಳಿದ, "ನಿನ್ನ ಕೈ ಇಲ್ಲಿಡು. ನನ್ನ ತೋಳಿನ ಮೇಲೆ. ನೀನು ಒತ್ತಿದಾಗ ನಾನು ಹೊಡೀತೀನಿ."

ಅವನ ತೋಳು ಹಿಡಿದೆ. ಒತ್ತಿದೆ. ಒಂದು ಹಾರಿತು. ಆಕಾಶಕ್ಕೆ, ಯಾವ ಹಕ್ಕಿಗೂ ಅಲ್ಲ. ಒಂದು ಉಸಿರು ಎಳೆದುಕೊಂಡೆ. ಮತ್ತೆ ಒತ್ತಿದೆ.

ಬಿಡುವು ಸರಿಯಾಗಿತ್ತು ಅಕ್ಕಮ್ಮಾ.

ಹೆಬ್ಬಾತುಗಳು ಒಟ್ಟಿಗೆ ಎದ್ದವು. ಆ ಗದ್ದಲ ದೂರವಾಗುವ ತನಕ ನಾವು ನಿಂತಿದ್ದೆವು. ಊರಿನಲ್ಲಾಗಿದ್ದರೆ ಅಷ್ಟರಲ್ಲಿ ಪ್ರತಿ ಮನೆಯಿಂದ ಜನ ಹೊರಡುತ್ತಿದ್ದರು. ಇಲ್ಲಿ ಆ ಸದ್ದಿನ ಅರ್ಥ ಗೊತ್ತಿರುವವರು ಯಾರು ಎಂದುಕೊಂಡೆ. ಹೊಲದಾಚೆ ಮನೆಯ ಬಾಗಿಲು ತೆರೆಯಿತು. ರಿಯಾ ಬಂದಳು. ಸೇತುವೆಯ ಸುತ್ತುದಾರಿ ಬಿಟ್ಟು, ಒಳ್ಳೆಯ ಬೂಟು ಹಾಕಿಕೊಂಡೇ ಒದ್ದೆ ಹುಲ್ಲಿನ ನಡುವೆ ನೇರವಾಗಿ ನಡೆದು ಬಂದಳು. ನನ್ನ ಮುಂದೆ ತಲೆ ಬಾಗಿಸಿ ನಿಂತಳು. ಅವಳ ಮನೆಯ ಬಾಗಿಲಲ್ಲಿ ನಾನು ನಿಂತಿದ್ದ ಹಾಗೆಯೇ.

ಆಗ ನನಗೆ ಅಳು ಬಂತು.

ಬಾವನಿಗೆ ಬರೆದ ಬೇಟೆಯ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಕೋವಿಯ ಕೆಳಗೆ ಅವನ ಫೋಟೋ ಹಾಕಿರುತ್ತೀಯ. ಅದರ ಎಡಗಡೆ ಕೂತು ಒಮ್ಮೆ ಓದಿಬಿಡು. ಕೇಳಿ ಮುಗಿಯದೆ ಹೊರಡುವ ಹಾಗಿಲ್ಲವೆಂದು ಅವನಿಗೆ ಬರೆದಿದ್ದೆನಲ್ಲ. ಕೆಟ್ಟ ತೋಟೆಯನ್ನು ಡಿಸೆಂಬರಿನಲ್ಲಿ ನಾನೇ ಬಂದು ಹೂಳುತ್ತೇನೆ. ಗಿರಿಜಮ್ಮನನ್ನು ಕಂಡರೆ, ಅವಳ ತಪ್ಪೇನೂ ಇಲ್ಲವೆಂದು ಹೇಳು.

ಮೂವತ್ತೊಂದು ವರ್ಷ, ನಾನು ಎರಡು ಸೀಟಿ ಊದುವ ತನಕ ಅವನು ಗಾಡಿ ಎತ್ತಿದವನಲ್ಲ. ಒಂದೇ ಕೇಳಿದರೆ ಬ್ರೇಕ್ ಹಾಕಿ, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಕಾಯುತ್ತಿದ್ದ. ಈ ನಲವತ್ತು ದಿನವೂ ಹಾಗೆಯೇ ಎಲ್ಲೋ ನಿಲ್ಲಿಸಿಕೊಂಡು ಕೂತಿದ್ದನೇನೋ.

ನಿನ್ನೆ ಎರಡನೆಯದೂ ಕೊಟ್ಟೆ. ಈಗ ಹೊರಟಿರುತ್ತಾನೆ.

ನಿನ್ನ ಅಣ್ಣ
ಬಿದ್ದಪ್ಪ